ಸಂವಿಧಾನದ ಪುಸ್ತಕವೇ ಇಲ್ಲದ ದೇಶದಲ್ಲಿ 63 ವರ್ಷ ಪಟ್ಟದಲ್ಲಿದ್ದ ರಾಣಿ ವಿಕ್ಟೋರಿಯಾ

ತಾಲ್ಲೂಕು ಆಸ್ಪತ್ರೆಯಲ್ಲಿ ಆಗಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ ಅಂದ್ರೆ ಜನರ ಬಾಯಿಗೆ ಮೊದಲು ಬರೋ ಹೆಸರುಗಳಲ್ಲಿ ಒಂದು ವಿಕ್ಟೋರಿಯಾ ಆಸ್ಪತ್ರೆ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 60 ವರ್ಷ ತುಂಬಿದ ನೆನಪಿಗೆ 1897ರಲ್ಲಿ ಅಡಿಗಲ್ಲು ಹಾಕಿ, 1900ರಲ್ಲಿ ಬಾಗಿಲು ತೆರೆದ ಆಸ್ಪತ್ರೆ ಅದು. ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಿಂದ ನಿಂತಿರೋ ಬಿಳಿ ಕಲ್ಲಿನ ಪ್ರತಿಮೆಯೂ ಆಕೆಯದ್ದೇ. ಆಕೆ ಜೀವನದಲ್ಲಿ ಒಂದು ಸಲವೂ ಭಾರತಕ್ಕೆ ಬಂದವಳಲ್ಲ.

ಹೆಸರು ಎಲ್ಲರಿಗೂ ಗೊತ್ತು. ಆದ್ರೆ ಆಕೆ ಯಾವ ನಿಯಮದ ಮೇಲೆ ರಾಜ್ಯ ಆಳಿದಳು ಅಂತ ಕೇಳಿದ್ರೆ ಉತ್ತರ ಹೇಳೋದು ಕಷ್ಟ. ನಮ್ಮಲ್ಲಿ ಗ್ರಾಮ ಪಂಚಾಯಿತಿಯಿಂದ ರಾಷ್ಟ್ರಪತಿವರೆಗೆ ಯಾರ ಅಧಿಕಾರ ಎಷ್ಟು ಅನ್ನೋದಕ್ಕೆ ಸಂವಿಧಾನ ಅಂತ ಒಂದು ಪುಸ್ತಕ ಇದೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಅಂಥ ಒಂದು ಪುಸ್ತಕ ಇರಲಿಲ್ಲ. ಇವತ್ತಿಗೂ ಇಲ್ಲ. ಆದರೂ ಆ 63 ವರ್ಷದಲ್ಲಿ 10 ಜನ ಪ್ರಧಾನಿಗಳು ಬಂದು ಹೋದ್ರು, ಸರ್ಕಾರಗಳು ಬಿದ್ದು ಎದ್ದವು, ರಾಜ್ಯ ಮಾತ್ರ ನಡೀತಾ ಹೋಯ್ತು. ಅದು ಹೇಗೆ ಅನ್ನೋದು ಆಕೆಯ ಬದುಕು ನೋಡಿದ್ರೆ ಅರ್ಥ ಆಗುತ್ತೆ.

ಮೆಟ್ಟಿಲು ಇಳಿಯೋಕೂ ಕೈ ಹಿಡೀಬೇಕು

ವಿಕ್ಟೋರಿಯಾ ಹುಟ್ಟಿದ್ದು 1819ರ ಮೇ 24ರಂದು, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ. ಎಂಟು ತಿಂಗಳ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಅಮ್ಮ ಜರ್ಮನಿ ಕಡೆಯವಳು. ಮನೆಯ ಯಜಮಾನಿಕೆ ಎಲ್ಲ ಜಾನ್ ಕಾನ್ರಾಯ್ ಅನ್ನೋ ಅಧಿಕಾರಿಯ ಕೈಯಲ್ಲಿತ್ತು. ಹುಡುಗಿ ಅಮ್ಮನ ಕೋಣೆಯಲ್ಲೇ ಮಲಗಬೇಕಿತ್ತು. ಯಾರಾದ್ರೂ ಕೈ ಹಿಡಿದುಕೊಳ್ಳದೆ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ಜೊತೆಗಾರ ಮಕ್ಕಳು ಇಲ್ಲ ಅನ್ನುವಷ್ಟು ಕಡಿಮೆ.

ಕಾನ್ರಾಯ್ ಲೆಕ್ಕ ಬೇರೆ ಇತ್ತು. ಹುಡುಗಿಗೆ 18 ತುಂಬೋ ಮೊದಲೇ ದೊಡ್ಡಪ್ಪ ನಾಲ್ಕನೇ ವಿಲಿಯಂ ರಾಜ ಸತ್ತರೆ ಅಮ್ಮನ ಹೆಸರಲ್ಲಿ ಆಡಳಿತ ತನ್ನ ಕೈಗೆ ಬರುತ್ತೆ ಅನ್ನೋ ಆಸೆ. 1835ರಲ್ಲಿ ಹುಡುಗಿ ಜ್ವರದಲ್ಲಿ ಮಲಗಿದ್ದಾಗ, ಮುಂದೆ ತನ್ನನ್ನೇ ಕಾರ್ಯದರ್ಶಿ ಮಾಡ್ಕೋಬೇಕು ಅಂತ ಕಾಗದಕ್ಕೆ ಸಹಿ ಹಾಕು ಅಂತ ಒತ್ತಾಯ ಮಾಡಿದ. 16 ವರ್ಷದ ಹುಡುಗಿ ಸಹಿ ಹಾಕಲಿಲ್ಲ. ಆ ಹಠ ಕೊನೇವರೆಗೂ ಆಕೆಯ ಜೊತೆಗೇ ಇತ್ತು.

1837ರ ಮೇ 24ಕ್ಕೆ 18 ತುಂಬಿತು. ಜೂನ್ 20ರ ಬೆಳಗಿನ ಜಾವ ವಿಲಿಯಂ ಸತ್ತ. ಬೆಳಿಗ್ಗೆ ಆರಕ್ಕೆ ಮಲಗಿದ್ದವಳನ್ನು ಎಬ್ಬಿಸಿ, ನೀನೇ ರಾಣಿ ಅಂತ ಹೇಳಿದ್ರು. ಅವತ್ತೇ ಆಕೆ ತನ್ನ ಮಂಚವನ್ನು ಅಮ್ಮನ ಕೋಣೆಯಿಂದ ಆಚೆ ಹಾಕಿಸಿದಳು.

ಪುಸ್ತಕ ಇಲ್ಲ ಅಂದ್ರೆ ಇನ್ನೇನಿತ್ತು?

1838ರ ಜೂನ್ 28ರಂದು ಪಟ್ಟಾಭಿಷೇಕ ಆಯ್ತು. ಅಲ್ಲಿ ಆಕೆ ಮಾಡಿದ ಪ್ರಮಾಣ ಏನು ಅಂದ್ರೆ, ಪಾರ್ಲಿಮೆಂಟು ಒಪ್ಪಿದ ಕಾಯ್ದೆಗಳ ಪ್ರಕಾರ, ದೇಶದ ಕಾನೂನು ಮತ್ತು ರೂಢಿಯ ಪ್ರಕಾರ ಆಳೋದು. ಈ ರೂಢಿ ಅನ್ನೋ ಪದದಲ್ಲೇ ಅರ್ಧ ಆಡಳಿತ ಅಡಗಿತ್ತು.

ಹಂಗಂತ ಇಂಗ್ಲೆಂಡಿನಲ್ಲಿ ಬರೆದದ್ದು ಏನೂ ಇರಲಿಲ್ಲ ಅಂತ ಅಲ್ಲ. ಬಿಡಿ ಬಿಡಿ ಕಾಯ್ದೆಗಳು ಬೇಕಾದಷ್ಟಿದ್ದವು. ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ರಾಜ ತೆರಿಗೆ ಹಾಕೋ ಹಾಗಿಲ್ಲ, ಶಾಂತಿ ಕಾಲದಲ್ಲಿ ಸೈನ್ಯ ಇಟ್ಟುಕೊಳ್ಳೋ ಹಾಗಿಲ್ಲ ಅಂತ 1689ರ ಹಕ್ಕುಗಳ ಕಾಯ್ದೆ ಹೇಳ್ತಿತ್ತು. ಸೈನ್ಯವನ್ನು ಶಿಸ್ತಿನಲ್ಲಿ ಇಡೋ ಕಾಯ್ದೆಗೂ ವರ್ಷ ವರ್ಷ ಪಾರ್ಲಿಮೆಂಟೇ ಒಪ್ಪಿಗೆ ಕೊಡಬೇಕಿತ್ತು. ಪಟ್ಟ ಯಾರಿಗೆ ಹೋಗಬೇಕು ಅನ್ನೋದನ್ನು 1701ರ ಕಾಯ್ದೆ ಗೊತ್ತುಮಾಡಿತ್ತು. 1832ರ ಕಾಯ್ದೆ ಮತ ಹಾಕೋರ ಸಂಖ್ಯೆ ಹೆಚ್ಚಿಸಿತ್ತು.

ಇದರ ಮೇಲೆ ರೂಢಿ. ಪಾರ್ಲಿಮೆಂಟು ಒಪ್ಪಿದ ಮಸೂದೆಯನ್ನು ರಾಜ ತಿರಸ್ಕರಿಸಬಾರದು ಅಂತ ಯಾವ ಕಾಯ್ದೆಯೂ ಹೇಳಿರಲಿಲ್ಲ. ಆದ್ರೆ 1708ರ ನಂತರ ಯಾರೂ ತಿರಸ್ಕರಿಸಿರಲಿಲ್ಲ. ಪ್ರಧಾನಿ ಅನ್ನೋ ಹುದ್ದೆಗೂ ಆಗ ಕಾಯ್ದೆಯ ಆಧಾರ ಇರಲಿಲ್ಲ. ಜನ ಆರಿಸಿದ ಕೆಳಮನೆ, ಅಂದ್ರೆ ಕಾಮನ್ಸ್ ಸಭೆಯಲ್ಲಿ ಯಾರ ಕಡೆ ಹೆಚ್ಚು ಮತ ಇದೆಯೋ ಅವರನ್ನೇ ಕರೆದು ಸರ್ಕಾರ ಮಾಡಿ ಅನ್ನಬೇಕು, ಇದೂ ರೂಢಿ.

ರೂಢಿ ಮುರಿದ್ರೆ ಏನಾಗುತ್ತೆ? ಅದನ್ನು ವಿಕ್ಟೋರಿಯಾಳ ದೊಡ್ಡಪ್ಪನೇ ನೋಡಿದ್ದ. 1834ರಲ್ಲಿ ವಿಲಿಯಂ ತನಗೆ ಹಿಡಿಸದ ಮೆಲ್ಬೋರ್ನ್ ಸರ್ಕಾರವನ್ನು ಮನೆಗೆ ಕಳಿಸಿ ರಾಬರ್ಟ್ ಪೀಲ್‌ನನ್ನು ಕೂರಿಸಿದ. ಚುನಾವಣೆ ಆಯ್ತು, ಪೀಲ್‌ಗೆ ಬಹುಮತ ಬರಲಿಲ್ಲ, ಕೆಲವೇ ತಿಂಗಳಲ್ಲಿ ಮೆಲ್ಬೋರ್ನ್ ವಾಪಸ್ ಬಂದ. ರಾಜನನ್ನು ಯಾರೂ ಕೋರ್ಟಿಗೆ ಎಳೀಲಿಲ್ಲ, ದಂಡ ಹಾಕಲಿಲ್ಲ. ಓಡಿಸಿದವನನ್ನೇ ಮತ್ತೆ ಕರೆದು ಕೂರಿಸೋ ಸ್ಥಿತಿ ಬಂತು, ಅಷ್ಟೇ. ಆಮೇಲೆ ಇಂಗ್ಲೆಂಡಿನ ಯಾವ ರಾಜನೂ ರಾಣಿಯೂ ಸರ್ಕಾರವನ್ನು ಹಾಗೆ ಓಡಿಸಿಲ್ಲ.

1839: ಸಖಿಯರ ಜಗಳ

ಹೊಸ ರಾಣಿಗೆ ಆಡಳಿತದ ಪಾಠ ಹೇಳಿಕೊಟ್ಟವನು ಇದೇ ಮೆಲ್ಬೋರ್ನ್. ಅಪ್ಪನ ಮುಖ ನೋಡದ ಹುಡುಗಿಗೆ ಆತ ಅಪ್ಪನ ಹಾಗೇ ಆಗಿಹೋದ. ಆದ್ರೆ ಆತ ವಿಗ್ ಪಕ್ಷದವನು. ರಾಣಿಯ ಸುತ್ತ ಇದ್ದ ಸಖಿಯರೂ ಬಹುಪಾಲು ವಿಗ್ ನಾಯಕರ ಹೆಂಡತಿಯರು, ಬಂಧುಗಳು.

1839ರ ಮೇನಲ್ಲಿ ಒಂದು ಮಸೂದೆಯ ಮೇಲೆ ಮೆಲ್ಬೋರ್ನ್‌ಗೆ ಬರೀ 5 ಮತದ ಅಂತರ ಸಿಕ್ಕಿತು. ಇನ್ನು ನಡೆಯಲ್ಲ ಅಂತ ಆತ ರಾಜೀನಾಮೆ ಕೊಟ್ಟ. ಟೋರಿ ಪಕ್ಷದ ಪೀಲ್‌ಗೆ ಕರೆ ಹೋಯ್ತು. ಆತನಿಗೂ ಕಾಮನ್ಸ್‌ನಲ್ಲಿ ಬಹುಮತ ಇರಲಿಲ್ಲ. ರಾಣಿಗೆ ತನ್ನ ಮೇಲೆ ನಂಬಿಕೆ ಇದೆ ಅಂತ ದೇಶಕ್ಕೆ ಕಾಣಬೇಕು, ಅದಕ್ಕೆ ಕೆಲವು ಸಖಿಯರನ್ನು ಬದಲಿಸಿ ಅಂತ ಕೇಳಿದ. ರಾಣಿ ಒಬ್ಬರನ್ನೂ ಬಿಡಲ್ಲ ಅಂದಳು. ಪೀಲ್ ಸರ್ಕಾರ ಮಾಡೋದೇ ಬೇಡ ಅಂತ ಹಿಂದೆ ಸರಿದ. ಮೆಲ್ಬೋರ್ನ್ ಮತ್ತೆ ಬಂದ.

19 ವರ್ಷದ ರಾಣಿ ಗೆದ್ದ ಹಾಗೆ ಕಾಣ್ತು. ಆದ್ರೆ ಗೆದ್ದದ್ದು ಎರಡು ವರ್ಷಕ್ಕೆ ಮಾತ್ರ. 1841ರ ಚುನಾವಣೆಯಲ್ಲಿ ಟೋರಿಗಳು ಬಹುಮತದಿಂದ ಬಂದ್ರು. ಈ ಸಲ ಪೀಲ್‌ನನ್ನು ತಡೆಯೋಕೆ ದಾರಿಯೇ ಇರಲಿಲ್ಲ. ಮೂವರು ಸಖಿಯರು ತಾವಾಗೇ ಬಿಟ್ಟುಹೋಗೋ ಹಾಗೆ ಮೊದಲೇ ಮಾತಾಗಿತ್ತು. ರಾಣಿ ಆಜ್ಞೆ ಮಾಡಿದ ಹಾಗೂ ಆಗಲಿಲ್ಲ, ಪೀಲ್ ಕೇಳಿದ್ದು ನಡೆಯದೇ ಇರಲೂ ಇಲ್ಲ. ಮುಂದೆ ಅದೇ ಪೀಲ್ ಮೇಲೆ ಆಕೆಗೆ ಗೌರವ ಬೆಳೀತು.

ಗಂಡನ ಸಂಬಳಕ್ಕೂ ಪಾರ್ಲಿಮೆಂಟಿನ ಕತ್ತರಿ

ಆ ಮಾತುಕತೆಯ ಹಿಂದೆ ಇದ್ದವನು ರಾಣಿಯ ಗಂಡ ಆಲ್ಬರ್ಟ್. 1840ರ ಫೆಬ್ರವರಿ 10ರಂದು ಮದುವೆ ಆಗಿತ್ತು. ಮದುವೆಗೆ ಮೊದಲೇ ಪಾರ್ಲಿಮೆಂಟು ತನ್ನ ಕೈ ತೋರಿಸಿತ್ತು. ಆಲ್ಬರ್ಟ್‌ಗೆ ವರ್ಷಕ್ಕೆ 50,000 ಪೌಂಡ್ ಕೊಡೋಣ ಅಂತ ಸರ್ಕಾರ ಕೇಳಿದ್ರೆ, ಕಾಮನ್ಸ್ ಸಭೆ 30,000 ಸಾಕು ಅಂತ ಕತ್ತರಿಸಿತು. ರಾಣಿ ಸಿಟ್ಟಿನಿಂದ ಕುದ್ದುಹೋದಳು. ಏನೂ ಮಾಡೋಕೆ ಆಗಲಿಲ್ಲ.

ಅರಮನೆಯ ಖರ್ಚಿಗೆ ರಾಣಿಗೂ ಪಾರ್ಲಿಮೆಂಟು ಗೊತ್ತುಮಾಡಿದ್ದು ವರ್ಷಕ್ಕೆ 3,85,000 ಪೌಂಡ್. ದೊಡ್ಡ ಮೊತ್ತವೇ. ಆದ್ರೆ ದೇಶದ ಗಲ್ಲಾಪೆಟ್ಟಿಗೆಯ ಬೀಗದ ಕೈ ರಾಣಿಯ ಸೊಂಟದಲ್ಲಿ ಇರಲಿಲ್ಲ. ಅಂಗಡಿ ಬೋರ್ಡಿನ ಮೇಲೆ ಹೆಸರು ಒಬ್ಬರದ್ದು, ಗಲ್ಲಾದಲ್ಲಿ ಕೂರೋರು ಇನ್ನೊಬ್ಬರು ಅನ್ನೋ ಹಾಗೆ. ಸೈನ್ಯ, ಹಡಗು, ಅಧಿಕಾರಿಗಳ ಸಂಬಳ ಎಲ್ಲಕ್ಕೂ ಕಾಮನ್ಸ್ ಕೈ ಎತ್ತಬೇಕಿತ್ತು. ಕಾಮನ್ಸ್‌ನಲ್ಲಿ ಬಲ ಇಲ್ಲದವನನ್ನು ಪ್ರಧಾನಿ ಮಾಡಿದ್ರೆ ದುಡ್ಡು ಬರಲ್ಲ. ದುಡ್ಡು ಬರದಿದ್ರೆ ಸರ್ಕಾರ ನಡೆಯಲ್ಲ. ರೂಢಿಗೆ ಬಲ ಬಂದದ್ದು ಇಲ್ಲಿಂದ.

ಹಾಗಾದ್ರೆ ರಾಣಿಗೆ ಏನು ಕೆಲಸ? ಕೆಲಸ ಬೇಕಾದಷ್ಟಿತ್ತು. ದಿನಾ ಪೆಟ್ಟಿಗೆ ತುಂಬ ಸರ್ಕಾರದ ಕಾಗದ ಬರ್ತಿತ್ತು. ಆಕೆ, ಆಲ್ಬರ್ಟ್ ಕೂತು ಓದ್ತಿದ್ರು, ಟಿಪ್ಪಣಿ ಬರೀತಿದ್ರು, ಮಂತ್ರಿಗಳನ್ನು ಪ್ರಶ್ನೆ ಕೇಳ್ತಿದ್ರು. ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಮಾತ್ರ ಕಾಗದ ತೋರಿಸದೆಯೇ ಬೇರೆ ದೇಶಗಳಿಗೆ ಪತ್ರ ಕಳಿಸಿಬಿಡ್ತಿದ್ದ. ತನಗೆ ತೋರಿಸಿದ ಮೇಲೆ ಪತ್ರವನ್ನು ಬದಲಿಸಬಾರದು ಅಂತ 1850ರಲ್ಲಿ ರಾಣಿ ಬರೆದು ತಿಳಿಸಿದಳು. 1851ರ ಡಿಸೆಂಬರಿನಲ್ಲಿ ಆತ ಹುದ್ದೆ ಕಳ್ಕೊಂಡ. ತೆಗೆದದ್ದು ಪ್ರಧಾನಿ ರಸೆಲ್, ರಾಣಿಗೆ ಖುಷಿಯಾಯ್ತು. ಆದ್ರೆ 1855ರಲ್ಲಿ ಕ್ರಿಮಿಯಾ ಯುದ್ಧದ ನಡುವೆ ಸರ್ಕಾರ ಬಿತ್ತು. ರಾಣಿ ಬೇರೆಯವರನ್ನೆಲ್ಲ ಕರೆದು ನೋಡಿದಳು, ಯಾರಿಂದಲೂ ಸರ್ಕಾರ ಕಟ್ಟೋಕೆ ಆಗಲಿಲ್ಲ. ಕೊನೆಗೆ ಪಾಮರ್‌ಸ್ಟನ್‌ನನ್ನೇ ಪ್ರಧಾನಿ ಮಾಡಬೇಕಾಯ್ತು.

ಕಪ್ಪು ಬಟ್ಟೆಯ ವರ್ಷಗಳು

1861ರ ಡಿಸೆಂಬರ್ 14ರಂದು ಆಲ್ಬರ್ಟ್ 42ನೇ ವಯಸ್ಸಿನಲ್ಲಿ ಸತ್ತ. ಒಂಬತ್ತು ಮಕ್ಕಳ ತಾಯಿ ವಿಕ್ಟೋರಿಯಾ ಅವತ್ತಿನಿಂದ ಸಾಯೋವರೆಗೂ ಕಪ್ಪು ಬಟ್ಟೆಯಲ್ಲೇ ಇದ್ದಳು. ಜನರೆದುರು ಬರೋದನ್ನೇ ಬಿಟ್ಟಳು. ಪಾರ್ಲಿಮೆಂಟ್ ಅಧಿವೇಶನ ಆರಂಭಿಸೋಕೂ 1866ರವರೆಗೆ ಬರಲಿಲ್ಲ. ಕಾಗದ ಓದೋದು, ಸಹಿ ಹಾಕೋದು ಮಾತ್ರ ನಿಲ್ಲಲಿಲ್ಲ.

ಇದೇ ಹೊತ್ತಲ್ಲಿ, 1867ರಲ್ಲಿ, ವಾಲ್ಟರ್ ಬ್ಯಾಜಟ್ ಅನ್ನೋ ಪತ್ರಿಕಾ ಸಂಪಾದಕ ಇಂಗ್ಲೆಂಡಿನ ಸಂವಿಧಾನ ಅಂತ ಪುಸ್ತಕವನ್ನೇ ಬರೆದ. ಅದು ಕಾನೂನು ಅಲ್ಲ, ಇಲ್ಲಿ ಆಡಳಿತ ನಿಜವಾಗಿ ಹೇಗೆ ನಡೀತಿದೆ ಅಂತ ನೋಡಿ ಬರೆದ ವಿವರ. ಮಂತ್ರಿಗಳು ರಾಣಿಯನ್ನು ಕೇಳಬೇಕು, ರಾಣಿ ಅವರಿಗೆ ಧೈರ್ಯ ಹೇಳಬಹುದು, ಎಚ್ಚರಿಕೆ ಕೊಡಬಹುದು. ಅದರಾಚೆ ನಿರ್ಧಾರ ಮಂತ್ರಿಗಳದ್ದು. ಇದು ಆತ ಕಂಡ ಚಿತ್ರ.

ಜನರಿಗೆ ಮಾತ್ರ ತಾಳ್ಮೆ ಕಡಿಮೆ ಆಗ್ತಿತ್ತು. ಕಣ್ಣಿಗೇ ಬೀಳದ ರಾಣಿಗೆ ಇಷ್ಟು ದುಡ್ಡು ಯಾಕೆ ಅನ್ನೋ ಕರಪತ್ರಗಳು ಬಂದವು. 1871ರಲ್ಲಿ ಚಾರ್ಲ್ಸ್ ಡಿಲ್ಕ್ ಅನ್ನೋ ಸದಸ್ಯ ರಾಜಪದ್ಧತಿಯೇ ಬೇಡ ಅನ್ನೋ ಅರ್ಥದಲ್ಲಿ ಬಹಿರಂಗ ಸಭೆಯಲ್ಲಿ ಮಾತಾಡಿದ. ಆ ಡಿಸೆಂಬರಿನಲ್ಲಿ ಯುವರಾಜ ವಿಷಮಶೀತ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಬದುಕಿದ. ಜನರ ಮನಸ್ಸು ಕರಗಿತು. ಮರುವರ್ಷ ಅರಮನೆ ಖರ್ಚಿನ ತನಿಖೆ ಬೇಕು ಅಂತ ಡಿಲ್ಕ್ ತಂದ ನಿರ್ಣಯಕ್ಕೆ 276 ಮತದ ಎದುರು ಸಿಕ್ಕಿದ್ದು 2 ಮತ. ಜನರ ಮುಖ ತಿರುಗಿದ್ರೆ ಪಟ್ಟವೂ ಉಳಿಯಲ್ಲ ಅನ್ನೋ ಭಯವನ್ನಂತೂ ಅರಮನೆ ಆ ವರ್ಷಗಳಲ್ಲಿ ಕಂಡಿತ್ತು.

ಬೇಡವಾದವನೇ ನಾಲ್ಕು ಸಲ ಪ್ರಧಾನಿ

ರಾಣಿಗೆ ಡಿಸ್ರೇಲಿ ಅಂದ್ರೆ ಇಷ್ಟ. ಲಿಬರಲ್ ಪಕ್ಷದ ಗ್ಲಾಡ್‌ಸ್ಟನ್ ಅಂದ್ರೆ ಆಗ್ತಿರಲಿಲ್ಲ. 1880ರ ಚುನಾವಣೆಯಲ್ಲಿ ಡಿಸ್ರೇಲಿ ಸೋತ, ಲಿಬರಲ್ ಪಕ್ಷ ಗೆದ್ದಿತು. ಗ್ಲಾಡ್‌ಸ್ಟನ್‌ಗೆ ಅಧಿಕಾರ ಕೊಡೋದಕ್ಕಿಂತ ಪಟ್ಟವನ್ನೇ ಬಿಡ್ತೀನಿ ಅಂತ ಕಾರ್ಯದರ್ಶಿಗೆ ಬರೆದಳು. ಮೊದಲು ಹಾರ್ಟಿಂಗ್ಟನ್‌ನನ್ನು ಕರೆಸಿದಳು, ಆಮೇಲೆ ಗ್ರಾನ್‌ವಿಲ್ ಜೊತೆಗೂ ಮಾತಾಡಿದಳು. ಇಬ್ಬರೂ ಲಿಬರಲ್ ನಾಯಕರೇ. ಗ್ಲಾಡ್‌ಸ್ಟನ್ ಇಲ್ಲದೆ ಸರ್ಕಾರ ನಿಲ್ಲಲ್ಲ ಅನ್ನೋದೇ ಇಬ್ಬರ ಮಾತು. ಗ್ಲಾಡ್‌ಸ್ಟನ್‌ನನ್ನು ಕರೆಯಲೇಬೇಕಾಯ್ತು. 1868, 1880, 1886, 1892 ಹೀಗೆ ನಾಲ್ಕು ಸಲ ಆತ ಆಕೆಯ ಪ್ರಧಾನಿಯಾದ.

ಆಕೆ ಸುಮ್ಮನೆ ಕೂತವಳಲ್ಲ. 1885ರಲ್ಲಿ ಖಾರ್ಟೂಮ್‌ನಲ್ಲಿ ಜನರಲ್ ಗಾರ್ಡನ್ ಸತ್ತ ಸುದ್ದಿ ಬಂದಾಗ ಗ್ಲಾಡ್‌ಸ್ಟನ್‌ನನ್ನು ಬೈದು ಟೆಲಿಗ್ರಾಂ ಕಳಿಸಿದಳು. ಗುಟ್ಟಿನ ಲಿಪಿಯಲ್ಲಿ ಅಲ್ಲ, ತಂತಿ ಕಚೇರಿಯವರೆಲ್ಲ ಓದೋ ಹಾಗೆ. 1886ರಲ್ಲಂತೂ ಸರ್ಕಾರದ ಒಳಗಿನ ವಿಷಯಗಳನ್ನು ವಿರೋಧ ಪಕ್ಷದ ಸಾಲ್ಸ್‌ಬರಿಗೆ ತಿಳಿಸ್ತಿದ್ದಳು. ಇದು ರೂಢಿಗೆ ವಿರುದ್ಧ. ಆದ್ರೆ ದೂರು ಕೊಡೋಕೆ ಕೋರ್ಟಿಲ್ಲ, ತೋರಿಸೋಕೆ ಕಲಮು ಇಲ್ಲ. ಪುಸ್ತಕ ಇಲ್ಲದ ಆಡಳಿತದ ದೊಡ್ಡ ದೌರ್ಬಲ್ಯ ಇದೇ. ತಪ್ಪು ಯಾವುದು ಅಂತ ಎಲ್ಲರಿಗೂ ಗೊತ್ತಿರುತ್ತೆ, ತಪ್ಪು ಮಾಡಿದವರನ್ನು ಹಿಡಿಯೋದು ಮಾತ್ರ ಕಷ್ಟ.

ಅದೇ ರಾಣಿ ರೂಢಿಯನ್ನು ಒಳ್ಳೇದಕ್ಕೂ ಬಳಸಿದ್ದಳು. 1884ರಲ್ಲಿ ಹೆಚ್ಚು ಜನರಿಗೆ ಮತ ಕೊಡೋ ಮಸೂದೆಗೆ ಮೇಲ್ಮನೆ ಅಡ್ಡ ನಿಂತಾಗ, ಎರಡೂ ಪಕ್ಷದ ನಾಯಕರು ಕೂತು ಮಾತಾಡಿ ಅಂತ ಒತ್ತಾಯ ಮಾಡಿದಳು. ಗ್ಲಾಡ್‌ಸ್ಟನ್, ಸಾಲ್ಸ್‌ಬರಿ ಕೂತ್ರು, ರಾಜಿ ಆಯ್ತು, ಮಸೂದೆ ಪಾಸಾಯ್ತು. 63 ವರ್ಷದಲ್ಲಿ ಪಾರ್ಲಿಮೆಂಟು ಒಪ್ಪಿದ ಒಂದೇ ಒಂದು ಮಸೂದೆಯನ್ನೂ ಆಕೆ ತಿರಸ್ಕರಿಸಲಿಲ್ಲ.

ಮೈಸೂರಿಗೆ ಮಾತ್ರ ಬರೆದ ಕಾಗದ

ಆಕೆಯ ಹೆಸರು ಮೈಸೂರು ಸೀಮೆಗೂ ಬಂದದ್ದು ಬೇರೆ ದಾರಿಯಿಂದ. 1857ರ ದಂಗೆಯ ನಂತರ ಕಂಪನಿ ಆಡಳಿತ ಹೋಗಿ, 1858ರ ನವೆಂಬರ್ 1ರಂದು ರಾಣಿಯ ಹೆಸರಿನಲ್ಲಿ ಘೋಷಣೆ ಓದಿದ್ರು. ಜನರ ಧರ್ಮದಲ್ಲಿ ಕೈ ಹಾಕಲ್ಲ ಅನ್ನೋ ಭರವಸೆ ಅದರಲ್ಲಿ ಗಟ್ಟಿಯಾಗಿ ಬರಲಿ ಅಂತ ಕರಡನ್ನು ತಿದ್ದಿಸಿದ್ದು ರಾಣಿಯೇ. 1876ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ, ಭಾರತದ ಸಾಮ್ರಾಜ್ಞಿ ಅನ್ನೋ ಬಿರುದು ಇಟ್ಟುಕೊಳ್ಳೋಕೆ ಆಕೆಗೆ ದಾರಿ ಮಾಡಿಕೊಟ್ಟಿತು.

ಮೈಸೂರಿನ ಆಡಳಿತ 1831ರಿಂದ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1881ರ ಮಾರ್ಚ್ 25ರಂದು ಅದನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಆಗ ಅವರಿಗೂ 18 ವರ್ಷ, ವಿಕ್ಟೋರಿಯಾ ಪಟ್ಟಕ್ಕೆ ಬಂದ ವಯಸ್ಸೇ. ಆದ್ರೆ ಇಂಗ್ಲೆಂಡಿನ ರಾಣಿಗೆ ಇರದಿದ್ದ ಒಂದು ಪತ್ರ ಮೈಸೂರಿನ ಮಹಾರಾಜರ ಕೈಗೆ ಬಂತು. ಷರತ್ತುಗಳನ್ನು ಕಲಮು ಕಲಮಾಗಿ ಬರೆದ ಹಸ್ತಾಂತರ ಪತ್ರ. ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ನಿಂತುಹೋದ ಸ್ವಂತ ನಾಣ್ಯವನ್ನು ಮತ್ತೆ ಶುರು ಮಾಡಬಾರದು, ಕೇಳದೆ ಹೊಸ ಕೋಟೆ ಕಟ್ಟಬಾರದು, ಆಡಳಿತ ಪದ್ಧತಿಯಲ್ಲಿ ದೊಡ್ಡ ಬದಲಾವಣೆಗೆ ಗವರ್ನರ್ ಜನರಲ್ ಒಪ್ಪಿಗೆ ಬೇಕು. ಷರತ್ತು ಮುರಿದ್ರೆ ರಾಜ್ಯವನ್ನು ವಾಪಸ್ ತಗೊಳ್ಳಬಹುದು ಅಂತಲೂ ಬರೆದಿತ್ತು.

ಮೈಸೂರಿನಲ್ಲಿ ಬರೆದದ್ದಿತ್ತು, ಆದ್ರೆ ಅದನ್ನು ಬರೆದವರು ಇಲ್ಲಿನ ಜನ ಅಲ್ಲ. ಇಂಗ್ಲೆಂಡಿನಲ್ಲಿ ಬರೆದ ಪುಸ್ತಕ ಇರಲಿಲ್ಲ, ಆದ್ರೆ ಅಲ್ಲಿನ ರಾಣಿ ಯಾರ ಮಾತು ಕೇಳಬೇಕಿತ್ತೋ ಆ ಸಭೆಯನ್ನು ಆರಿಸ್ತಿದ್ದದ್ದು ಅಲ್ಲಿನ ಮತದಾರರು. ಭಾರತದ ಮಂತ್ರಿ ಉತ್ತರ ಕೊಡಬೇಕಾಗಿದ್ದೂ ಅದೇ ಲಂಡನ್ನಿನ ಸಭೆಗೆ. ಆ ಸಭೆಗೆ ಕೋಟಿಗಟ್ಟಲೆ ಭಾರತೀಯರು ಒಬ್ಬ ಸದಸ್ಯನನ್ನೂ ಆರಿಸೋ ಹಾಗಿರಲಿಲ್ಲ. ರೂಢಿ ಕಾಪಾಡಿದ್ದು ಮತ ಇದ್ದವರನ್ನು ಮಾತ್ರ.

ಅದೇ 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದ್ರು. ತಾಲ್ಲೂಕುಗಳಿಂದ ರೈತರು, ವರ್ತಕರು ಬಂದು ಕೂತು ರಾಜ್ಯದ ಜಮಾಖರ್ಚು ಕೇಳಿದ್ರು, ಊರಿನ ಕಷ್ಟ ಹೇಳಿಕೊಂಡ್ರು. ಆ ಸಭೆಗೆ ಖಜಾನೆಯ ಬೀಗದ ಕೈ ಸಿಕ್ಕಿರಲಿಲ್ಲ. ಕೇಳೋ ಹಕ್ಕಿನಿಂದ ಶುರುವಾಯ್ತು, ಅಷ್ಟೇ.

ಕೊನೆಯ ದಿನಗಳು

1897ರ ವಜ್ರ ಮಹೋತ್ಸವದ ಹೊತ್ತಿಗೆ ವಿಕ್ಟೋರಿಯಾಗೆ 78. ಕಣ್ಣು ಮಂಜಾಗಿತ್ತು, ನಡೆಯೋಕೆ ಕಷ್ಟ ಆಗ್ತಿತ್ತು. ಕಾಗದಗಳನ್ನು ಬೇರೆಯವರು ಓದಿ ಹೇಳ್ತಿದ್ರು. 1901ರ ಜನವರಿ 22ರಂದು ವೈಟ್ ದ್ವೀಪದ ಆಸ್ಬೋರ್ನ್ ಮನೆಯಲ್ಲಿ 81ನೇ ವಯಸ್ಸಿನಲ್ಲಿ ತೀರಿಕೊಂಡಳು. ಮಗ ಏಳನೇ ಎಡ್ವರ್ಡ್ ಪಟ್ಟಕ್ಕೆ ಬಂದ.

1907ರಿಂದ ಆಕೆಯ ಪತ್ರಗಳು ಅಚ್ಚಾಗತೊಡಗಿದವು. ಬರೀ ಸಹಿ ಹಾಕೋ ರಾಣಿ ಅಂದುಕೊಂಡಿದ್ದವರಿಗೆ ಆಕೆ ಎಷ್ಟು ಕಡೆ ಕೈ ಹಾಕಿದ್ದಳು ಅಂತ ಆಗ ಗೊತ್ತಾಯ್ತು. ಆಕೆ ಜಗಳ ಆಡಿದ್ದಳು, ತಡ ಮಾಡಿದ್ದಳು, ಬೆದರಿಸಿದ್ದಳು. ಕಾಮನ್ಸ್‌ನಲ್ಲಿ ಬಹುಮತ ಇದ್ದವರು ಎದುರು ನಿಂತಾಗ ಮಾತ್ರ ಬಿಟ್ಟುಕೊಟ್ಟಿದ್ದಳು. ಪುಸ್ತಕ ಇಲ್ಲದ ಆ ರಾಜ್ಯ ನಿಂತದ್ದು ಎರಡರ ಮೇಲೆ. ಒಂದು, ಪಾರ್ಲಿಮೆಂಟಿನ ಕೈಯಲ್ಲಿದ್ದ ಖಜಾನೆ. ಇನ್ನೊಂದು, ಸೋತಾಗ ಸೋತೆ ಅಂತ ಒಪ್ಪಿಕೊಳ್ಳೋ ಅಭ್ಯಾಸ.

ಆ ಒಪ್ಪಂದದಿಂದ ಹೊರಗುಳಿದವರು ಭಾರತೀಯರಷ್ಟೇ ಅಲ್ಲ. ದೇಶದ ಪಟ್ಟದ ಮೇಲೆ 63 ವರ್ಷ ಹೆಣ್ಣೇ ಕೂತಿದ್ರೂ, ಆಕೆ ಇರೋವರೆಗೆ ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಇರಲಿಲ್ಲ. ಅವರಲ್ಲಿ ಕೆಲವರಿಗಾದ್ರೂ ಅದು ಸಿಕ್ಕಿದ್ದು 1918ರಲ್ಲಿ. ಅದಕ್ಕೂ ರೂಢಿ ಸಾಲಲಿಲ್ಲ, ಪಾರ್ಲಿಮೆಂಟು ಕಾಯ್ದೆಯನ್ನೇ ಬರೀಬೇಕಾಯ್ತು.